ಅಳಿಯನಾಗಿ ಬೆಳೆದವನು ಮಾವನಾದಾಗ: ಕಾದಂಬರಿಯ ಪಾತ್ರವೊಂದನ್ನು ಕುಟುಂಬ ರೂಪಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾನು ಒಂದು ಕಾದಂಬರಿಯನ್ನು ಬರೆಯುತ್ತಿದ್ದೇನೆ. ಮುಖ್ಯ ಪಾತ್ರದ ಹೆಸರು ಶೀನ. 1949ರಲ್ಲಿ ಕಾರ್ಕಳದ ಬಳಿಯ ಒಂದು ಹಳ್ಳಿಯಲ್ಲಿ, ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಕುಟುಂಬದಲ್ಲಿ ಹುಟ್ಟಿದವನು. 1955ರಲ್ಲಿ ಅವನ ತಂದೆ ತೀರಿಕೊಳ್ಳುತ್ತಾರೆ. ಅವರು ವಾಸವಿದ್ದ ಮನೆ ತಂದೆಯ ಕುಟುಂಬದ್ದು, ಎಂದರೆ ತಂದೆಯ ಸೋದರಿಯರ ಸಂತಾನಕ್ಕೆ ಸೇರಿದ್ದು. ಆದ್ದರಿಂದ ತಾಯಿ ಆರು ವರ್ಷದ ಶೀನನನ್ನೂ ಕೈಗೂಸಾಗಿದ್ದ ಅವನ ತಂಗಿಯನ್ನೂ ಕರೆದುಕೊಂಡು ತನ್ನ ತವರಿಗೆ ಮರಳುತ್ತಾಳೆ. ಮುಂಬಯಿಯ ಲಾಲ್‌ಬಾಗಿನಲ್ಲಿ ಚಹಾದ ಹೋಟೆಲು ನಡೆಸುತ್ತಿದ್ದ ಸೋದರಮಾವ 1961ರಲ್ಲಿ ಹುಡುಗನನ್ನು ಕರೆತರುತ್ತಾರೆ. ಶೀನ ಮೇಜು ಒರೆಸುತ್ತ, ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿ ಎಸ್‌ಎಸ್‌ಸಿ ಮುಗಿಸುತ್ತಾನೆ. ಬಳಿಕ ಗಲ್ಲೆಯಲ್ಲಿ ಕೂತು ಹೋಟೆಲಿನ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಾನೆ. 1976ರಲ್ಲಿ ಮಾವ ಹೋಟೆಲನ್ನು ತನ್ನ ಸ್ವಂತ ಮಗನ ಹೆಸರಿಗೆ ಮಾಡುತ್ತಾರೆ. ಶೀನ ಏನೂ ಮಾತಾಡದೆ ಹೊರಗೆ ಗುಮಾಸ್ತನ ಕೆಲಸ ಹುಡುಕಿಕೊಳ್ಳುತ್ತಾನೆ.

1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಗುತ್ತದೆ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ ಆ ವರ್ಷ, ಅವರನ್ನೇ ನಂಬಿಕೊಂಡಿದ್ದ ಹೋಟೆಲುಗಳ ಮೇಜುಗಳೂ ಖಾಲಿಯಾದವು, ಉದ್ರಿ ಪುಸ್ತಕದಲ್ಲಿದ್ದ ಬಾಕಿ ಪುಸ್ತಕದಲ್ಲಿಯೇ ಉಳಿಯಿತು. ಆಗ ಮಾವನ ಮಗ ಚಾಳಿನಲ್ಲಿದ್ದ ಶೀನನ ಖೋಲಿಗೆ ಬಂದು ಸಾಲ ಕೇಳುತ್ತಾನೆ. ಡೊಂಬಿವಲಿಯಲ್ಲಿ ಮನೆ ಕೊಳ್ಳಲೆಂದು ಕೂಡಿಟ್ಟಿದ್ದ ಹಣವನ್ನು ಶೀನ ಅವನಿಗೆ ಕೊಟ್ಟುಬಿಡುತ್ತಾನೆ. ಇದು ಎಂಟನೆಯ ಅಧ್ಯಾಯ, ಇಡೀ ಕಾದಂಬರಿ ನಿಂತಿರುವುದೇ ಇದರ ಮೇಲೆ.

ಹಸ್ತಪ್ರತಿಯನ್ನು ಓದಿದ ಗೆಳೆಯರೊಬ್ಬರು ಹೇಳಿದ ಒಂದು ಮಾತು ಎರಡು ತಿಂಗಳಿಂದ ನನ್ನನ್ನು ಬಿಟ್ಟಿಲ್ಲ. ಮೊದಲ ಅಧ್ಯಾಯದಲ್ಲಿ ನಾನು ಇಪ್ಪತ್ತೆರಡು ಪುಟಗಳಷ್ಟು ಕುಟುಂಬದ ಕಥೆಯನ್ನು ಬರೆದಿದ್ದೇನೆ. ಆ ಪುಟಗಳನ್ನು ಪೂರ್ತಿಯಾಗಿ ಕಿತ್ತುಹಾಕಿದರೂ ಎಂಟನೆಯ ಅಧ್ಯಾಯಕ್ಕೆ ಏನೂ ಆಗುವುದಿಲ್ಲ, ಒಳ್ಳೆಯ ಮನಸ್ಸಿನ ಯಾವ ಮನುಷ್ಯನಾದರೂ ಹಾಗೆ ಹಣ ಕೊಡಬಹುದು, ಅದಕ್ಕೆ ಶೀನನೇ ಏಕೆ ಬೇಕು ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತಾಯಿ, ಮಾವ, ತಂಗಿ, ತೀರಿಹೋದ ತಂದೆ ಎಲ್ಲರ ವಿವರಗಳೂ ಅಲ್ಲಿವೆ, ಆದರೆ ಅವರು ಶೀನನ ಹಿಂದೆ ಗೋಡೆಗೆ ತೂಗುಹಾಕಿದ ಪಟಗಳಂತೆ ಇದ್ದಾರೆಯೇ ಹೊರತು ಅವನ ಒಳಗೆ ಇಲ್ಲ. ಸಂಬಂಧಗಳು ಪಾತ್ರದ ಹಿನ್ನೆಲೆಯಾಗಿ ಉಳಿಯದೆ, ಅದರ ನಡೆಯಲ್ಲಿ, ಮಾತಿನಲ್ಲಿ, ಮೌನದಲ್ಲಿ ಕೆಲಸ ಮಾಡುವಂತೆ ಬರೆಯುವುದು ಹೇಗೆ? ನನ್ನ ತಂದೆಯವರೂ ಹೀಗೆಯೇ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ಈ ಪಾತ್ರವನ್ನು ಅರ್ಧಕ್ಕೆ ಬಿಡುವುದು ನನ್ನಿಂದ ಆಗದ ಮಾತು.

ಉತ್ತರ 1 (ಮಾಟುಂಗಾದಿಂದ)

ನಾನು ಅಂಥದ್ದೇ ಒಂದು ಕುಟುಂಬದಲ್ಲಿ ಹುಟ್ಟಿ, ಮದುವೆಯಾದ ಮೇಲೆ 1971ರಲ್ಲಿ ಮುಂಬಯಿಗೆ ಬಂದವಳು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಹೇಳಿದ ಕಥೆಯಲ್ಲಿ ಮುಖ್ಯವಾದ ಒಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಂತಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

"ಸೋದರಮಾವ ಹುಡುಗನನ್ನು ಕರೆತರುತ್ತಾರೆ" ಎಂದು ನೀವು ಬರೆದಿದ್ದೀರಿ. ತಂದೆಯಿಲ್ಲದ ಮಗುವಿನ ಮೇಲೆ ಕರುಣೆ ತೋರಿಸಿ ಕರೆತಂದರು ಎಂಬ ಭಾವ ಆ ವಾಕ್ಯದಲ್ಲಿದೆ. ಆದರೆ ಆ ಕಾಲದ ಅಳಿಯಸಂತಾನದ ಮನೆಯಲ್ಲಿ ಅದು ಕರುಣೆಯಲ್ಲ. ಸೋದರಿಯ ಮಗನೇ ಮಾವನ ಕುಟುಂಬದವನು. ಮಾವನ ಸ್ವಂತ ಮಗ ತನ್ನ ತಾಯಿಯ ಕುಟುಂಬಕ್ಕೆ ಸೇರಿದವನು, ಅವನ ಬರಿಯೂ (ತಾಯಿಯಿಂದ ಬರುವ ಗೋತ್ರ) ಬೇರೆ. ಹನ್ನೆರಡು ವರ್ಷದ ಶೀನ ಲಾಲ್‌ಬಾಗಿನ ಹೋಟೆಲಿಗೆ ಕಾಲಿಟ್ಟಾಗ, ಬೇರೆಯವರ ಆಶ್ರಯಕ್ಕೆ ಬಂದಿದ್ದೇನೆ ಎಂದು ಅವನಿಗೆ ಅನ್ನಿಸಿರುವುದಿಲ್ಲ, ನಮ್ಮದೇ ಜಾಗಕ್ಕೆ ಬಂದಿದ್ದೇನೆ ಎಂದು ಅನ್ನಿಸಿರುತ್ತದೆ. ಇದನ್ನು ಯಾರೂ ಅವನಿಗೆ ಬಾಯಿಬಿಟ್ಟು ಹೇಳಿರುವುದಿಲ್ಲ, ಹೇಳಬೇಕಾದ ಅಗತ್ಯವೂ ಇರುವುದಿಲ್ಲ. ಹದಿನೈದು ವರ್ಷ ಅವನು ಲೋಟ ತೊಳೆದದ್ದು, ಲೆಕ್ಕ ಬರೆದದ್ದು ಈ ತಿಳಿವಳಿಕೆಯ ಬಲದ ಮೇಲೆ.

ಈಗ 1976ನ್ನು ನೋಡಿ. ಮಾವ ಯಾವ ತಪ್ಪನ್ನೂ ಮಾಡಿಲ್ಲ. ಹೋಟೆಲು ಕುಟುಂಬದ ಆಸ್ತಿಯಲ್ಲ, ಅವರ ಸ್ವಯಾರ್ಜಿತ, ಅದನ್ನು ತಮಗೆ ಬೇಕಾದವರಿಗೆ ಕೊಡುವ ಅಧಿಕಾರ ಅವರಿಗಿತ್ತು. ಅಷ್ಟು ಹೊತ್ತಿಗೆ ಕಾಲವೂ ಬದಲಾಗಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಕವರುಗಳಿಗೆ (ಒಬ್ಬೊಬ್ಬ ತಾಯಿಯಿಂದ ಬೆಳೆದ ಕವಲುಗಳಿಗೆ) ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಸಲ್ಲತೊಡಗಿತು. ನಿಮ್ಮ ಶೀನನ ತಂದೆ ತೀರಿಕೊಂಡದ್ದು ಅದಕ್ಕೆ ಒಂದೇ ವರ್ಷ ಮೊದಲು. ನೀವು ಇದನ್ನು ಉದ್ದೇಶಪೂರ್ವಕವಾಗಿ ಇಟ್ಟಿರೋ ಆಕಸ್ಮಿಕವಾಗಿ ಬಂತೋ ತಿಳಿಯದು, ಆದರೆ ಪಾತ್ರದ ಇಡೀ ದುಃಖ ಆ ಒಂದು ವರ್ಷದ ಅಂತರದಲ್ಲಿ ಇದೆ. ಹಳೆಯ ಕ್ರಮದ ಪ್ರಕಾರ ತಂದೆಯ ಕಡೆಯಿಂದ ಏನೂ ದೊರೆಯಲಿಲ್ಲ, ಹೊಸ ಕ್ರಮದ ಪ್ರಕಾರ ಮಾವನ ಕಡೆಯಿಂದ ಏನೂ ದೊರೆಯಲಿಲ್ಲ. ಎರಡು ಕಡೆಯೂ ಎಲ್ಲರೂ ನ್ಯಾಯವಾಗಿಯೇ ನಡೆದುಕೊಂಡಿದ್ದಾರೆ. ಯಾರ ಮೇಲೂ ದೂರು ಹೊರಿಸಲಾಗದ ನಷ್ಟವನ್ನು ಹೊತ್ತ ಮನುಷ್ಯ ಹೇಗಿರುತ್ತಾನೆ ಎಂಬುದನ್ನು ನೀವು ಬರೆಯಬೇಕು. ಅವನ ಮೌನ ಒಳ್ಳೆಯತನದಿಂದ ಬಂದದ್ದಲ್ಲ, ದೂರು ಕೊಡಲು ಎದುರಿಗೆ ಯಾರೂ ಇಲ್ಲದಿರುವುದರಿಂದ ಬಂದದ್ದು.

ಇದನ್ನು ವಿವರಿಸಿ ಹೇಳಲು ಹೋಗಬೇಡಿ. ಒಂದು ಸಣ್ಣ ಸಂಗತಿಯನ್ನು ಯೋಚಿಸಿ: ಮಾವ ಶೀನನಿಗೆ ಸಂಬಳ ಕೊಡುತ್ತಿದ್ದರೇ? ನನ್ನನ್ನು ಕೇಳಿದರೆ ಕೊಡಬಾರದು. ಬಟ್ಟೆಗೆ, ಶಾಲೆಯ ಫೀಸಿಗೆ, ಊರಿಗೆ ಕಳಿಸುವುದಕ್ಕೆ ಗಲ್ಲೆಯಿಂದ ಹಣ ತೆಗೆದುಕೊಡುತ್ತಿದ್ದರು, ಅಷ್ಟೆ. ಉಳಿದ ಮಾಣಿಗಳಿಗೆ ಸಂಬಳವಿತ್ತು, ಅವನಿಗೆ ಇರಲಿಲ್ಲ, ಏಕೆಂದರೆ ಅವನು ಮನೆಯವನು. ಹೋಟೆಲು ಮಗನ ಹೆಸರಿಗಾದ ಮೇಲಿನ ತಿಂಗಳ ಮೊದಲ ತಾರೀಖು, ಆ ಮಗ ಬಹಳ ಗೌರವದಿಂದ, ಒಳ್ಳೆಯ ಮನಸ್ಸಿನಿಂದಲೇ ಒಂದು ಲಕೋಟೆಯಲ್ಲಿ ಸಂಬಳವನ್ನು ಇಟ್ಟು ಶೀನನ ಕೈಗೆ ಕೊಡಲಿ. ಮಾಣಿಗಳೆಲ್ಲ ಸಾಲಾಗಿ ನಿಂತಿರಲಿ. ಶೀನ ಆ ಲಕೋಟೆಯನ್ನು ಏನು ಮಾಡುತ್ತಾನೆ ಎಂಬುದು ನಿಮಗೆ ತಿಳಿದರೆ ಇಪ್ಪತ್ತೆರಡು ಪುಟಗಳಲ್ಲಿ ಹದಿನೈದನ್ನು ನೀವೇ ತೆಗೆದುಹಾಕುತ್ತೀರಿ.

ಕರೆಯುವ ಕ್ರಮವನ್ನೂ ಗಮನಿಸಿ. ಮನೆಯಲ್ಲಿ ತುಳುವಿನಲ್ಲಿ "ತಮ್ಮಲೆ" ಎನ್ನುವ ಹುಡುಗ ಗಿರಾಕಿಗಳ ಎದುರಿಗೆ ಅದೇ ಮನುಷ್ಯನನ್ನು "ಸೇಠ್" ಎನ್ನಬೇಕಾಗುತ್ತದೆ. ನಿಮ್ಮ ಹಸ್ತಪ್ರತಿಯಲ್ಲಿ ಅವನು ಎಲ್ಲೆಡೆಯೂ "ಮಾವ" ಎನ್ನುತ್ತಿದ್ದರೆ, ಒಬ್ಬನೇ ಹುಡುಗ ದಿನಕ್ಕೆ ಹತ್ತು ಸಲ ಮನೆಯವನೂ ಕೆಲಸದವನೂ ಆಗಿ ಬದಲಾಗುತ್ತಿದ್ದ ಸಂಗತಿ ಓದುಗರಿಗೆ ಕಾಣುವುದೇ ಇಲ್ಲ. ಹಾಗೆಯೇ ಶೀನನ ತಾಯಿ ಗಂಡನ ಮನೆಯನ್ನು ಬಿಟ್ಟು ಹೊರಟ ದಿನ ಯಾವ ಪಾತ್ರೆಗಳನ್ನು ಎತ್ತಿಕೊಂಡಳು? ಹೆಸರು ಕೊರೆಸಿದ ತನ್ನ ತವರಿನ ಕಂಚಿನ ಬಟ್ಟಲುಗಳನ್ನು ಮಾತ್ರ ಆರಿಸಿ ಎತ್ತಿಕೊಂಡು, ಗಂಡ ಉಣ್ಣುತ್ತಿದ್ದ ಬಟ್ಟಲನ್ನು ಅಲ್ಲಿಯೇ ಕವುಚಿ ಇಟ್ಟು ಬಂದಳು ಎಂದಾದರೆ, ಆರು ವರ್ಷದ ಮಗುವಿಗೆ ತನ್ನದು ಯಾವುದು, ತನ್ನದಲ್ಲದ್ದು ಯಾವುದು ಎಂಬುದು ಜೀವಮಾನಕ್ಕೆ ಸಾಕಾಗುವಷ್ಟು ತಿಳಿದುಹೋಗುತ್ತದೆ.

ಉತ್ತರ 2 (ಪುಣೆಯಿಂದ)

ಮಾಟುಂಗಾದವರು ಬರೆದದ್ದನ್ನು ಓದಿ ಬಹಳ ಕಲಿತೆ, ಸಂಬಳದ ಲಕೋಟೆಯ ಪ್ರಸಂಗ ನನ್ನನ್ನು ಅಲುಗಾಡಿಸಿತು. ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಾನು ಧಾರವಾಡದ ಕಡೆಯವನು, ನಮ್ಮಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಕುಟುಂಬದ ಕಟ್ಟಳೆಯೇ ಪಾತ್ರವನ್ನು ರೂಪಿಸುತ್ತದೆ ಎಂದು ನಂಬಿದರೆ, ಒಂದೇ ಕಟ್ಟಳೆಯಲ್ಲಿ ಬೆಳೆದ ಹತ್ತು ಅಳಿಯಂದಿರೂ ಒಂದೇ ರೀತಿ ನಡೆದುಕೊಳ್ಳಬೇಕಾಗುತ್ತದೆ. ಅವರಲ್ಲಿ ಒಬ್ಬ ಮಾವನ ಮೇಲೆ ದಾವೆ ಹೂಡುತ್ತಾನೆ, ಒಬ್ಬ ಎದುರಿನ ಬೀದಿಯಲ್ಲಿಯೇ ಇನ್ನೊಂದು ಹೋಟೆಲು ತೆರೆಯುತ್ತಾನೆ, ಶೀನ ಮಾತ್ರ ಸುಮ್ಮನೆ ಹೊರಟುಹೋಗುತ್ತಾನೆ. ಆ ವ್ಯತ್ಯಾಸಕ್ಕೆ ಕಾರಣವನ್ನು ಕಟ್ಟಳೆಯ ಆಚೆ, ಯಾರು ಅವನಿಗಾಗಿ ಏನು ಮಾಡಿದರು ಎಂಬುದರಲ್ಲಿ ಹುಡುಕಬೇಕು.

ಮಹಾಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನ ಬಳಿ ಅವನ ಹುಟ್ಟಿನ ಗುಟ್ಟನ್ನು ತೆರೆದಿಟ್ಟು, ಪಾಂಡವರ ಹಿರಿಯಣ್ಣನಾಗಿ ರಾಜ್ಯವನ್ನು ಪಡೆಯುವಂತೆ ಕರೆಯುವ ಸಂದರ್ಭವನ್ನು ನೆನೆದುಕೊಳ್ಳಿ. ಮೂಲ ಸಂಸ್ಕೃತದಲ್ಲಿ ಕರ್ಣ ಅಲ್ಲಿ ಕೊಡುವ ಉತ್ತರ ನನಗೆ ಸದಾ ಆಶ್ಚರ್ಯವನ್ನು ಉಂಟುಮಾಡಿದೆ. ತನ್ನನ್ನು ಕಂಡೊಡನೆ ವಾತ್ಸಲ್ಯದಿಂದ ರಾಧೆಯ ಎದೆಯಲ್ಲಿ ಹಾಲು ಸುರಿಯಿತು, ತನ್ನ ಮಲಮೂತ್ರಗಳನ್ನು ಅವಳು ಬಳಿದಳು, ಅಧಿರಥ ತನಗೆ ಜಾತಕರ್ಮ ಮಾಡಿಸಿ ವಸುಷೇಣನೆಂದು ಹೆಸರಿಡಿಸಿದ, ವಯಸ್ಸಿಗೆ ಬಂದಾಗ ಮದುವೆ ಮಾಡಿಸಿದ ಎಂದು ಅವನು ಒಂದೊಂದಾಗಿ ಎಣಿಸುತ್ತಾನೆ. ಸಾಕಿದವರು ತನಗಾಗಿ ಮಾಡಿದ ಕೆಲಸಗಳೇ ಅವನ ಉತ್ತರ. ರಾಧೆಗೆ ಪಿಂಡವನ್ನು ಹೇಗೆ ತಪ್ಪಿಸಲಿ ಎಂದು ಕೇಳುವಾಗ ಒಂದು ಸಾಮ್ರಾಜ್ಯಕ್ಕಿಂತ ಆ ಎಣಿಕೆ ಭಾರವಾಗುತ್ತದೆ. ಪಾತ್ರಕ್ಕೆ ತೆರೆದಿದ್ದ ಒಂದು ದಾರಿಯನ್ನು ಸಂಬಂಧ ಮುಚ್ಚಿಬಿಡುತ್ತದೆ, ಮತ್ತು ಆ ದಾರಿ ಮುಚ್ಚಿದ್ದರಿಂದಲೇ ಅವನು ಕರ್ಣನಾಗುತ್ತಾನೆ. ಶೀನನಿಗೂ ಅಂಥ ಎಣಿಕೆ ಇರಬೇಕು. ಜ್ವರ ಬಂದ ರಾತ್ರಿ ಮಾವ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರೇ? ಪರೀಕ್ಷೆಯ ದಿನ ಅವನ ಪಾಲಿನ ಲೋಟಗಳನ್ನು ಸ್ವತಃ ಮಾವನೇ ತೊಳೆದಿದ್ದರೇ? ಕರ್ಣನಿಗೆ ಅದನ್ನು ಹೇಳಲು ಕೃಷ್ಣನಿದ್ದ, ಶೀನನಿಗೆ ಯಾರೂ ಇಲ್ಲ.

ಬರೆಯುವ ಮೊದಲು ನಮ್ಮ ಭಾಷೆಯ ನಾಲ್ಕು ಪದಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡಿ: ಋಣ, ಹಂಗು, ದಾಕ್ಷಿಣ್ಯ, ಮುಲಾಜು. ಋಣವನ್ನು ತೀರಿಸಬಹುದು, ತೀರಿಸಿದಾಗ ಮನಸ್ಸು ಹಗುರವಾಗುತ್ತದೆ. ಹಂಗಿನಲ್ಲಿ ಅವಮಾನ ಬೆರೆತಿರುತ್ತದೆ. ದಾಕ್ಷಿಣ್ಯದಲ್ಲಿ ಬೇಡವೆನ್ನಲು ನಾಲಿಗೆ ಏಳುವುದಿಲ್ಲ. ಮುಲಾಜು ಎದುರಿಗೆ ಮುಖವಿರುವವರೆಗೆ ಮಾತ್ರ. ಎಂಟನೆಯ ಅಧ್ಯಾಯದಲ್ಲಿ ಶೀನ ಹಣ ಕೊಟ್ಟದ್ದು ಇವುಗಳಲ್ಲಿ ಯಾವುದರಿಂದ? ನಿಮ್ಮ ಗೆಳೆಯರು ಕೇಳಿದ ಪ್ರಶ್ನೆಯೂ ಇದೇ ಎಂದು ನನಗೆ ತೋರುತ್ತದೆ.

ನನ್ನ ಅನುಭವದ ಒಂದು ಮಾತನ್ನು ಸೇರಿಸುತ್ತೇನೆ. ನನ್ನ ವೈನಿ (ಅಣ್ಣನ ಹೆಂಡತಿ) ತಮ್ಮ ಬಿಲ್ವಾರದ ಬಳೆಗಳನ್ನು ಒತ್ತೆಯಿಟ್ಟು ನನ್ನ ಕೊನೆಯ ವರ್ಷದ ಪರೀಕ್ಷೆಯ ಫೀಸು ಕಟ್ಟಿದವರು. ನಲವತ್ತು ವರ್ಷಗಳಲ್ಲಿ ಅವರು ಅದನ್ನು ಒಂದು ಸಲವೂ ಎತ್ತಿ ಆಡಿಲ್ಲ. ಇಂದಿಗೂ ಅವರ ಫೋನು ಬಂದರೆ ನಾನು ಕುಳಿತಲ್ಲಿಂದ ಎದ್ದು ನಿಂತು ಮಾತಾಡುತ್ತೇನೆ. ಏಕೆ ಎಂದು ನನ್ನ ಮಕ್ಕಳಿಗೆ ತಿಳಿಯದು, ನಾನೂ ಹೇಳಿಲ್ಲ.

ಉತ್ತರ 3 (ವಾಸ್ಕೋದಿಂದ)

ಇಬ್ಬರೂ ಹಿರಿಯರು ಮಾವನ ಬಗ್ಗೆಯೇ ಬರೆದಿದ್ದಾರೆ. ನನಗೆ ಕಾಡಿದ್ದು ತಂಗಿ. ಪ್ರಶ್ನೆಯಲ್ಲಿ ಅವಳ ಬಗ್ಗೆ ಇರುವುದು ಅರ್ಧ ವಾಕ್ಯ. ಆದರೆ ಅಳಿಯಸಂತಾನದಲ್ಲಿ ಕುಟುಂಬ ಮುಂದುವರಿಯುವುದು ಅವಳಿಂದ. ಶೀನನ ಸ್ವಂತ ಮಕ್ಕಳು ಅವನ ಹೆಂಡತಿಯ ಕುಟುಂಬದವರು, ತಂಗಿಯ ಮಕ್ಕಳೇ ಅವನ ಕುಟುಂಬದವರು. ಒಂದು ದಿನ ಆ ತಂಗಿ ತನ್ನ ಮಗನನ್ನು ಶೀನನ ಬಳಿಗೆ ಕಳಿಸಬೇಕಲ್ಲವೇ? ಅಳಿಯನಾಗಿ ಬೆಳೆದವನು ಮಾವನ ಸ್ಥಾನಕ್ಕೆ ಬಂದಾಗ ಏನು ಮಾಡುತ್ತಾನೆ ಎಂಬುದರಲ್ಲಿ ಅವನು ಹೇಗೆ ರೂಪುಗೊಂಡಿದ್ದಾನೆ ಎಂಬುದು ತಾನಾಗಿಯೇ ಕಾಣುತ್ತದೆ, ನೀವು ಏನನ್ನೂ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯವೂ ಇದೆ. ತಾಯಿಯ ತವರಿನವರು ಗೇಣಿಗೆ ಸಾಗುವಳಿ ಮಾಡುತ್ತಿದ್ದರೆ, 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಡಿಕ್ಲರೇಶನ್ (ಉಳುವ ಭೂಮಿ ತಮಗೆ ಸಲ್ಲಬೇಕೆಂಬ ಗೇಣಿದಾರರ ಅರ್ಜಿ) ಕೊಟ್ಟವರು ಯಾರು? ಮುಂಬಯಿಯಿಂದ ಹಣ ಕಳಿಸುತ್ತಿದ್ದವನ ಹೆಸರು ಆ ಅರ್ಜಿಯಲ್ಲಿ ಇರುವ ಸಂಭವ ಕಡಿಮೆ, ಗದ್ದೆಯಲ್ಲಿ ಇದ್ದವರ ಹೆಸರಿರುತ್ತದೆ. ಶೀನನ ಬಳಿ ಉಳಿಯುವುದು ಮನಿಯಾರ್ಡರಿನ ರಸೀದಿಗಳು. ಆ ಫಾರಮಿನ ಕೆಳಗಿನ ಚೀಟಿಯಲ್ಲಿ ಸಂದೇಶಕ್ಕೆಂದು ಇದ್ದ ಅಂಗೈಯಗಲದ ಜಾಗದಲ್ಲಿ ಅವನು ತಾಯಿಗೆ ಏನು ಬರೆಯುತ್ತಿದ್ದ? ತಾಯಿ ಮಾತಾಡುವುದು ತುಳು, ಬರೆಯುವುದಾದರೆ ಕನ್ನಡದಲ್ಲಿ ಬರೆಯಬೇಕು, ಓದಿ ಹೇಳುವವನು ಪೋಸ್ಟ್‌ಮ್ಯಾನ್. ಮಗನ ಮಾತು ಮೂರನೆಯವರ ಬಾಯಿಯಿಂದ, ಅವಳು ಆಡದ ಭಾಷೆಯಲ್ಲಿ ಅವಳಿಗೆ ತಲುಪುತ್ತಿತ್ತು. ಅಂಥ ಮಗ ದೊಡ್ಡವನಾದ ಮೇಲೆ ಹೆಂಡತಿಯೊಂದಿಗೆ ಹೇಗೆ ಮಾತಾಡುತ್ತಾನೆ ಎಂಬುದನ್ನೂ ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಈ ನಾಲ್ಕು ದಿನ ನಾನು ಹೊಸದಾಗಿ ಏನನ್ನೂ ಬರೆಯದೆ, ಇದ್ದದ್ದನ್ನು ತೆಗೆಯುತ್ತ ಕುಳಿತೆ. ಮೊದಲ ಅಧ್ಯಾಯದಲ್ಲಿ ಈಗ ಏಳು ಪುಟಗಳಿವೆ. ಕವುಚಿಟ್ಟ ಬಟ್ಟಲು ಅಲ್ಲಿ ಬಂದಿದೆ. ಸಂಬಳದ ಲಕೋಟೆಯನ್ನು ಶೀನ ಗಲ್ಲೆಯ ಒಳಗೇ ಇಟ್ಟು, ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಆ ಮೊತ್ತವನ್ನು ಜಮೆಯೆಂದು ಬರೆದು, ಅಂದೇ ರಾತ್ರಿ ತನ್ನ ಟ್ರಂಕನ್ನು ಎತ್ತಿಕೊಂಡು ಹೊರಡುತ್ತಾನೆ. ಆರು ವರ್ಷಗಳ ನಂತರ ಮಾವನ ಮಗ ಸಾಲ ಕೇಳಲು ಬಂದಾಗ ಆ ಹಳೆಯ ಪುಸ್ತಕವನ್ನೂ ಕೈಯಲ್ಲಿ ಹಿಡಿದು ತಂದಿರುತ್ತಾನೆ. ಯಾರು ಯಾರು ಬಾಕಿ ಇಟ್ಟಿದ್ದಾರೆ ಎಂದು ತೋರಿಸಲು ಪುಟ ತಿರುಗಿಸುವಾಗ ಇಬ್ಬರ ಕಣ್ಣಿಗೂ ಆ ಜಮೆ ಬೀಳುತ್ತದೆ. ಇಬ್ಬರೂ ಮಾತಾಡುವುದಿಲ್ಲ. ಪುಣೆಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಶೀನ ಹಣ ಕೊಟ್ಟದ್ದು ದಾಕ್ಷಿಣ್ಯದಿಂದಲ್ಲ. ಸಂಬಳ ಪಡೆಯುವವನಾಗಿ ಆ ಹೋಟೆಲಿನಿಂದ ಹೊರಬಿದ್ದವನು, ಕೊಡುವವನಾಗಿ ಮತ್ತೊಮ್ಮೆ ಮನೆಯವನಾಗುತ್ತಾನೆ. ಅದರಲ್ಲಿ ಪ್ರೀತಿ ಎಷ್ಟು, ಹಟ ಎಷ್ಟು ಎಂಬುದು ನನಗೆ ಇನ್ನೂ ಸ್ಪಷ್ಟವಾಗಿಲ್ಲ.

ತಂಗಿಯ ವಿಷಯದಲ್ಲಿ ನಾನು ಮಾಡಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಅವಳ ಮಗನನ್ನು ಕೊನೆಯ ಅಧ್ಯಾಯಕ್ಕೆ ತಂದಿದ್ದೇನೆ. 1988ರ ಮಳೆಗಾಲ ಮುಗಿದ ಮೇಲೆ ಹನ್ನೊಂದು ವರ್ಷದ ಆ ಹುಡುಗ ಊರಿನ ಬಸ್ಸಿನಲ್ಲಿ ಬರುತ್ತಾನೆ. ಶೀನ, ಅವನ ಹೆಂಡತಿ, ಇಬ್ಬರು ಮಕ್ಕಳು ಇರುವ ಹತ್ತು ಅಡಿಗೆ ಹನ್ನೆರಡು ಅಡಿಯ ಅದೇ ಖೋಲಿ. ಹೊಸ್ತಿಲಲ್ಲಿ ಚೀಲ ಹಿಡಿದುಕೊಂಡು ನಿಂತ ಹುಡುಗ "ನಾನು ಎಲ್ಲಿ ಮಲಗಬೇಕು?" ಎಂದು ಕೇಳುತ್ತಾನೆ. ಶೀನನ ಉತ್ತರ ಏನಿರಬೇಕು ಎಂಬಲ್ಲಿ ನನ್ನ ಬರವಣಿಗೆ ನಿಂತಿದೆ.

ಉತ್ತರ 4 (ಮಾಟುಂಗಾದಿಂದ ಮತ್ತೊಮ್ಮೆ)

ಪುಸ್ತಕದ ಜಮೆ ಸರಿಯಾಗಿದೆ, ಅದನ್ನು ಮುಟ್ಟಬೇಡಿ. ಆದರೆ ಆ ಹುಡುಗ ಹಾಗೆ ಕೇಳುವುದಿಲ್ಲ. ಮಾವನ ಮನೆಗೆ ಮೊದಲ ಸಲ ಬಂದ ಹುಡುಗ ಚೀಲವನ್ನು ಕೆಳಗೂ ಇಡದೆ, ಹೇಳುವವರೆಗೆ ನಿಂತೇ ಇರುತ್ತಾನೆ. ಮಲಗುವ ಜಾಗದ ಪ್ರಶ್ನೆಯನ್ನು ಶೀನನ ಸ್ವಂತ ಮಗನ ಬಾಯಲ್ಲಿ ಇಡಿ, ಅದೂ ಆ ಹುಡುಗನಿಗೆ ಕೇಳಿಸುವಂತೆ. ಆಗ ಶೀನ ಇಬ್ಬರಲ್ಲಿ ಯಾರ ಕಡೆಗೆ ಮುಖ ಮಾಡಿ ಉತ್ತರ ಕೊಡುತ್ತಾನೆ ಎಂಬುದನ್ನು ಮೊದಲು ಬರೆಯಿರಿ, ಉತ್ತರವನ್ನು ಆಮೇಲೆ ನೋಡೋಣ.